ಆರನೇ ಸುತ್ತಿನಲ್ಲಿ ಗೊತ್ತಾಗೋದು

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ವಾರಕ್ಕೆ ಎರಡು ಸಲವಾದರೂ ಕಾರಿನ ವಿಡಿಯೊ ಕಳಿಸುತ್ತಾನೆ. ಎರಡು ಕಾರು ಅಕ್ಕಪಕ್ಕ ನಿಂತಿರುತ್ತವೆ. ಹಸಿರು ದೀಪ ಹತ್ತುತ್ತದೆ. ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಕೆಳಗೆ ಅವನ ಪ್ರಶ್ನೆ: ‘ಮಾಮಾ, ಯಾವುದು ಬೆಸ್ಟ್?’

ಕಳೆದ ವಾರ ಬೆಡ್‌ಫರ್ಡ್‌ನಿಂದ ವಾಪಸ್ ಬಂದ ಮೇಲೆ ಅವನಿಗೆ ಉತ್ತರ ಬರೆಯಲು ಕೂತೆ. ಬರೆಯುತ್ತಾ ಉದ್ದವಾಯಿತು. ಇಲ್ಲೇ ಹಾಕುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ. ನಮ್ಮದೊಂದು ಸಣ್ಣ ಕಾರ್ ಓನರ್ಸ್ ಕ್ಲಬ್ ಇದೆ. ವರ್ಷಕ್ಕೆ ಒಂದೆರಡು ಸಲ ಎಲ್ಲರೂ ಸೇರಿ ಬೆಡ್‌ಫರ್ಡ್ ಆಟೊಡ್ರೋಮ್‌ಗೆ ಹೋಗುತ್ತೇವೆ. ಅದು ಮೊದಲು ಥರ್ಲೀ ಅನ್ನುವ ವಿಮಾನ ನೆಲೆ. ಎರಡನೇ ಮಹಾಯುದ್ಧದಲ್ಲಿ, 1942ರಿಂದ, ಅಮೆರಿಕದ 306ನೇ ಬಾಂಬರ್ ಪಡೆ ತನ್ನ ಬಿ-17 ವಿಮಾನಗಳನ್ನು ಇಲ್ಲಿಂದಲೇ ಹಾರಿಸುತ್ತಿತ್ತು. ಯುದ್ಧ ಮುಗಿದ ಮೇಲೆ ಬ್ರಿಟನ್ ಸರ್ಕಾರದ ವಿಮಾನ ಸಂಶೋಧನೆ ಇಲ್ಲಿ ನಡೆಯಿತು. ಅದೂ ಮುಚ್ಚಿದ ಮೇಲೆ, ಫಾರ್ಮುಲಾ ಒನ್‌ನಲ್ಲಿ ಓಡಿಸಿದ್ದ ಜೊನಾಥನ್ ಪಾಮರ್ ಇದನ್ನು ಕಾರು ಓಡಿಸುವ ಜಾಗ ಮಾಡಿದರು. ಊಟದ ಬಿಡುವಿನಲ್ಲಿ ಅಲ್ಲಿ ನಿಂತರೆ ಗಾಳಿ ಬಿಟ್ಟು ಏನೂ ಇರುವುದಿಲ್ಲ. ಸುತ್ತ ಹುಲ್ಲು, ಮೇಲೆ ದೊಡ್ಡ ಆಕಾಶ. ಇಲ್ಲಿಂದ ಹಾರಿ ವಾಪಸ್ ಬಾರದ ಹುಡುಗರು ನನಗೆ ಪ್ರತಿ ಸಲವೂ ನೆನಪಾಗುತ್ತಾರೆ.

ಈ ದೇಶದ ಕಾರ್ ರೇಸಿಂಗ್ ಬೆಳೆದದ್ದೇ ಇಂಥ ಜಾಗಗಳಲ್ಲಿ. ಯುದ್ಧಕ್ಕೆಂದು ಹಾಕಿದ ಕಾಂಕ್ರೀಟು ಊರೂರಿಗೂ ಖಾಲಿ ಬಿದ್ದಿತ್ತು. ಸಿಲ್ವರ್‌ಸ್ಟೋನ್ ಬಾಂಬರ್ ನೆಲೆಯಾಗಿತ್ತು. 1948ರಲ್ಲಿ ಅಲ್ಲಿ ಗ್ರ್ಯಾನ್ ಪ್ರಿ ನಡೆಯಿತು. 1950ರ ಮೇ 13ರಂದು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ರೇಸ್ ನಡೆದದ್ದೂ ಅಲ್ಲೇ. ಲೋಟಸ್ ಕಾರು ಕಂಪನಿಯ ಹೆಥಲ್ ಕಾರ್ಖಾನೆ ಇರುವುದು ಹಳೆಯ ವಿಮಾನ ನೆಲೆಯಲ್ಲೇ. ನಮ್ಮ ಕಡೆಯೂ ಹೀಗೇ ಆಗಿದೆ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ರನ್‌ವೇ ಮೇಲೆ ದಶಕಗಟ್ಟಲೆ ರೇಸ್ ನಡೆದವು.

ವಿಮಾನ ನೆಲೆಯ ದೊಡ್ಡ ಗುಣ ಏನೆಂದರೆ, ತಪ್ಪು ಮಾಡಿದರೆ ಹೋಗಿ ಬಡಿಯಲು ಹತ್ತಿರದಲ್ಲಿ ಗೋಡೆ ಇರುವುದಿಲ್ಲ. ಕಾರು ತಿರುಗಿಕೊಂಡರೆ ಹುಲ್ಲಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಕಾರಿನ ಮಿತಿ ಎಲ್ಲಿದೆ ಅಂತ ಸಮಾಧಾನವಾಗಿ ಹುಡುಕಬಹುದು.

ಬೆಳಿಗ್ಗೆ ಮೊದಲು ಎಲ್ಲರನ್ನೂ ಕೂರಿಸಿ ನಿಯಮ ಹೇಳುತ್ತಾರೆ. ಹೆಲ್ಮೆಟ್ ಕಡ್ಡಾಯ. ಮುಂದಿನವನು ಜಾಗ ಬಿಟ್ಟುಕೊಟ್ಟರೆ ಮಾತ್ರ ಓವರ್‌ಟೇಕ್. ಸಮಯ ಅಳೆಯುವ ಹಾಗಿಲ್ಲ. ಅಳೆದರೆ ಅದು ರೇಸ್ ಆಗಿಬಿಡುತ್ತದೆ, ವಿಮೆಯಿಂದ ಹಿಡಿದು ಎಲ್ಲ ಲೆಕ್ಕವೂ ಬದಲಾಗುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ನಿರಾಸೆಯಾಗಿತ್ತು. ಸ್ಟಾಪ್‌ವಾಚ್ ಇಲ್ಲದೆ ಎರಡು ಕಾರನ್ನು ಹೋಲಿಸುವುದು ಹೇಗೆ? ಈಗ ಅನ್ನಿಸುವುದೇ ಬೇರೆ. ಸ್ಟಾಪ್‌ವಾಚ್ ಇಲ್ಲದ್ದರಿಂದಲೇ ನಾವು ಒಬ್ಬರ ಕಾರಿನಲ್ಲಿ ಇನ್ನೊಬ್ಬರು ಕೂರುತ್ತೇವೆ. ಪಕ್ಕದ ಸೀಟಿನಲ್ಲಿ ಆರು ಸುತ್ತು. ಕಾರಿನ ಬಗ್ಗೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಅಲ್ಲಿ ಕಲಿತದ್ದು.

ಮೊದಲ ಸುತ್ತಿನಲ್ಲಿ ಎಲ್ಲ ಕಾರೂ ಚೆನ್ನ. ಟೈರ್ ಹೊಸದು, ಬ್ರೇಕ್ ತಣ್ಣಗಿದೆ, ಓಡಿಸುವವನ ತಲೆಯೂ ತಣ್ಣಗಿದೆ. ಕಾರಿನ ನಿಜ ತಿಳಿಯುವುದು ಆರನೇ ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಕೊಟ್ಟದ್ದನ್ನು ಆರನೆಯದರಲ್ಲೂ ಕೊಡುತ್ತಿದೆಯಾ? ನನಗೆ ಈಗ ಕಾರನ್ನು ಅಳೆಯಲು ಇರುವ ಪ್ರಶ್ನೆ ಇದೊಂದೇ.

ಈ ಸಲ ನಮ್ಮಲ್ಲಿ ಒಂದು ದೊಡ್ಡ ಸೆಡಾನ್ ಬಂದಿತ್ತು. ಯಾವ ಕಂಪನಿ ಅಂತ ಬೇಡ. 600 ಎಚ್‌ಪಿ ಹತ್ತಿರದ ಶಕ್ತಿ, ತೂಕ ಸುಮಾರು 1,900 ಕಿಲೋ. ಮೊದಲ ಎರಡು ಸುತ್ತು ನಾನು ಅದರ ಪಕ್ಕದ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಉದ್ದದ ನೇರ ದಾರಿಯಲ್ಲಿ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಐದನೇ ಸುತ್ತಿನಲ್ಲಿ ಗೆಳೆಯ ಬ್ರೇಕ್ ಒತ್ತಿದ, ಪೆಡಲ್ ಮೆತ್ತಗೆ ಕೆಳಗೆ ಇಳಿಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಕಾರು ನಿಧಾನವಾಯಿತು. ಇಬ್ಬರೂ ಮಾತಾಡಲಿಲ್ಲ. ಮೆಲ್ಲಗೆ ಒಂದು ಸುತ್ತು ಹಾಕಿ ಒಳಗೆ ಬಂದೆವು. ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತಿತ್ತು.

ಯಾಕೆ ಹೀಗಾಯಿತು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಬೇಜಾರಾಗಬೇಡಿ, ಈ ಲೆಕ್ಕ ನನಗೆ ತುಂಬಾ ಇಷ್ಟ. 1,900 ಕಿಲೋ ಕಾರನ್ನು ಗಂಟೆಗೆ 180 ಕಿಲೋಮೀಟರಿನಿಂದ 60ಕ್ಕೆ ಇಳಿಸಿದರೆ ಸುಮಾರು 21 ಲಕ್ಷ ಜೂಲ್ ಶಕ್ತಿ ಬಿಸಿಯಾಗಿ ಹೋಗಬೇಕು. ಅಷ್ಟು ಬಿಸಿಯಲ್ಲಿ 6 ಲೀಟರಿಗೂ ಜಾಸ್ತಿ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಒಂದು ಸುತ್ತಿನಲ್ಲಿ ಇಂಥ ನಾಲ್ಕು ಬ್ರೇಕ್ ಅಂದರೆ ಆರು ಸುತ್ತಿಗೆ 24. ಒಟ್ಟು 150 ಲೀಟರ್ ನೀರು. ನಮ್ಮ ಅಜ್ಜಿ ಮನೆಯ ಬಚ್ಚಲಿನ ಹಂಡೆಯನ್ನು ಉಕ್ಕಿ ಹರಿಯುವಷ್ಟು ತುಂಬಿಸಿ ಕುದಿಸಿದ ಹಾಗೆ. ಗಾಳಿ, ಎಂಜಿನ್ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ ನಿಜ. ಆದರೂ ಹೆಚ್ಚಿನದು ನಾಲ್ಕು ಚಕ್ರದೊಳಗಿನ ಬ್ರೇಕ್ ತಟ್ಟೆಗಳಿಗೇ ಹೋಗುತ್ತದೆ. ಅದೂ ಹದಿನೈದು ಇಪ್ಪತ್ತು ನಿಮಿಷದೊಳಗೆ!

ಅದರ ಜೊತೆ ಬ್ರೇಕ್ ಆಯಿಲ್ ವಿಷಯ. ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವುದು ಇದೇ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ 230 ಡಿಗ್ರಿಯವರೆಗೂ ಕುದಿಯಬಾರದು ಅನ್ನುವುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ತೇವ ಹೀರಿದ ಆಯಿಲ್‌ಗೆ ಇರುವ ಮಿತಿ 155 ಡಿಗ್ರಿ. ಕುದಿದರೆ ಆವಿ ಗುಳ್ಳೆ ಬರುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಆಯಿಲ್ ಹಾಗೆ ಕುಗ್ಗುವುದಿಲ್ಲ. ಪೆಡಲ್ ಮೆತ್ತಗಾಗುವುದು ಹೀಗೆ. ಗೆಳೆಯ ಮೂರು ವರ್ಷದಿಂದ ಆಯಿಲ್ ಬದಲಿಸಿರಲಿಲ್ಲ. ಟ್ರ್ಯಾಕಿಗೆ ಹೋಗುವವರು ದಯವಿಟ್ಟು ಬೇರೆ ಏನನ್ನೂ ಮಾಡದಿದ್ದರೂ ಇದೊಂದನ್ನು ಮಾಡಿಸಿ.

ನನ್ನದು ಮಾಜ್ದಾ ಎಂಎಕ್ಸ್-5. 184 ಎಚ್‌ಪಿ, ಸುಮಾರು ಒಂದು ಟನ್ ತೂಕ. ಅದೇ ಬ್ರೇಕಿಗೆ ನನ್ನ ಕಾರಿನ ಲೆಕ್ಕ ಮೂರೂವರೆ ಲೀಟರ್ ನೀರು. ನೇರ ದಾರಿಯಲ್ಲಿ ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ. ಆರನೇ ಸುತ್ತಿನಲ್ಲೂ ನನ್ನ ಪೆಡಲ್ ಮೊದಲ ಸುತ್ತಿನಷ್ಟೇ ಗಟ್ಟಿಯಾಗಿತ್ತು.

ಟೊಯೊಟಾ ಜಿಆರ್ ಯಾರಿಸ್‌ನಲ್ಲಿ ಕೂತದ್ದು ಇದೇ ಮೊದಲು. ಮೂರೇ ಸಿಲಿಂಡರ್, 1.6 ಲೀಟರ್ ಎಂಜಿನ್, 261 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಶಕ್ತಿ. ತಿರುವಿನಿಂದ ಹೊರಗೆ ಬರುವಾಗ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಬರುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ರ್‍ಯಾಲಿ ನೋಡಲು ನಿಂತವರಿಗೆ ಈ ಕಾರು ಕೂಡಲೇ ಹಿಡಿಸುತ್ತದೆ.

20 ವರ್ಷ ದಾಟಿದ ಬಿಎಂಡಬ್ಲ್ಯೂ ಎಂ3 ಒಂದಿತ್ತು, ಇ46 ಅನ್ನುವ ತಲೆಮಾರಿನದು. 3.2 ಲೀಟರ್, ಸಾಲಾಗಿ ಆರು ಸಿಲಿಂಡರ್, 343 ಎಚ್‌ಪಿ. ಟರ್ಬೊ ಇಲ್ಲ. ಎಂಜಿನ್ ನಿಮಿಷಕ್ಕೆ 8,000 ಸುತ್ತಿನ ಹತ್ತಿರ ಬಂದಾಗ ಅದು ಕೂಗುವ ಕೂಗು ಇದೆಯಲ್ಲ, ಅದನ್ನು ಕೇಳಿದರೆ ಈಗಿನ ಕಾರುಗಳಲ್ಲಿ ನಾವು ಏನು ಕಳೆದುಕೊಂಡೆವು ಅಂತ ಗೊತ್ತಾಗುತ್ತದೆ. ಅದರ ಮಾಲೀಕರು 60 ದಾಟಿದವರು. ಹೊರಡುವ ಮುಂಚೆ ಹೊಸ ಬ್ರೇಕ್ ಆಯಿಲ್, ಹೊಸ ಪ್ಯಾಡ್ ಹಾಕಿಸಿದ್ದರು. ಅವರ ಆರು ಸುತ್ತೂ ಒಂದೇ ಗೆರೆ ಎಳೆದ ಹಾಗಿತ್ತು.

ಮನಸ್ಸು ಕದ್ದದ್ದು ಮಾತ್ರ ಮೊದಲ ತಲೆಮಾರಿನ ಲೋಟಸ್ ಎಲೀಸ್. 1996ರಲ್ಲಿ ಬಂದ ಕಾರು. 118 ಎಚ್‌ಪಿ ಅಷ್ಟೇ. ತೂಕ ಸುಮಾರು 725 ಕಿಲೋ, ಆ ಸೆಡಾನಿನ ಅರ್ಧಕ್ಕಿಂತ ಕಡಿಮೆ. ಅಲ್ಯೂಮಿನಿಯಂ ಚಾಸಿಯನ್ನು, ಅಂದರೆ ಕಾರಿನ ಅಸ್ಥಿಪಂಜರವನ್ನು, ಅಂಟು ಹಾಕಿ ಜೋಡಿಸಿದ್ದಾರೆ. ಒಳಗೆ ಕೂತರೆ ನೆಲದ ಮೇಲೆ ಚಾಪೆ ಹಾಸಿ ಕೂತಷ್ಟು ಕೆಳಗೆ. ಅದರ ಲೆಕ್ಕ ಎರಡೂವರೆ ಲೀಟರ್ ನೀರಿಗೂ ಕಡಿಮೆ. ಬ್ರೇಕ್ ಕಷ್ಟಪಡುವುದೇ ಇಲ್ಲ, ಟೈರ್ ಕಷ್ಟಪಡುವುದಿಲ್ಲ. ಆರನೇ ಸುತ್ತು ಮೊದಲನೆಯದಕ್ಕಿಂತ ಚೆನ್ನಾಗಿತ್ತು, ಯಾಕೆಂದರೆ ಅಷ್ಟರಲ್ಲಿ ಓಡಿಸುತ್ತಿದ್ದ ಹುಡುಗಿ ದಾರಿಯನ್ನು ಚೆನ್ನಾಗಿ ಕಲಿತಿದ್ದಳು.

ಇನ್ನೊಂದು ವಿಷಯ ಇದೆ. ಆರನೇ ಸುತ್ತಿನಲ್ಲಿ ಕಾರಿನ ಜೊತೆ ನಾನೂ ಬದಲಾಗುತ್ತೇನೆ. ಭುಜ ಬಿಗಿಯುತ್ತದೆ. ಕಣ್ಣು ಬಾನೆಟ್ಟಿನ ಮುಂದೆಯೇ ನಿಂತುಬಿಡುತ್ತದೆ. ಬ್ರೇಕ್ ಒತ್ತುವುದು ತಡವಾಗುತ್ತದೆ, ಸ್ಟೀರಿಂಗ್ ತಿರುಗಿಸುವುದು ಜಾಸ್ತಿಯಾಗುತ್ತದೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಕೈ ಮುಂದೆ ಚಾಚಿ, ದೂರ ನೋಡು ಅಂತ ತೋರಿಸುತ್ತಲೇ ಇದ್ದರು. ದೂರ ನೋಡಿದ ಕೂಡಲೇ ಕೈ ತಾನಾಗಿ ಸಡಿಲವಾಯಿತು. ಇಷ್ಟು ವರ್ಷ ಕಾರು ಓಡಿಸಿದರೂ ಇದನ್ನು ನನಗೆ ಯಾವ ರಸ್ತೆಯೂ ಕಲಿಸಿರಲಿಲ್ಲ.

ಈಗ ಅಕ್ಕನ ಮಗನಿಗೆ. ನೋಡು ಪುಟ್ಟಾ, ಹತ್ತು ಸೆಕೆಂಡಿನ ಹೋಲಿಕೆಯಲ್ಲಿ ನನಗೆ ಕಾಣುವ ದೊಡ್ಡ ತೊಂದರೆ ಏನು ಗೊತ್ತಾ? ಅದನ್ನು ಯಾವ ರಸ್ತೆಯಲ್ಲಾದರೂ ಮಾಡಬಹುದು. ಒಂದು ನೇರ ದಾರಿ, ಮಧ್ಯರಾತ್ರಿ, ಇಬ್ಬರು ಗೆಳೆಯರು ಸಾಕು. ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯಲ್ಲಿ ಹುಡುಗರು ಮಾಡುವುದು ಅದನ್ನೇ. ಅಲ್ಲಿ ಹಾಲಿನ ವ್ಯಾನ್ ಬರುತ್ತದೆ, ಡ್ಯೂಟಿ ಮುಗಿಸಿ ಮನೆಗೆ ಹೋಗುವವರು ರಸ್ತೆ ದಾಟುತ್ತಾರೆ. ಆರು ಸುತ್ತಿನ ಹೋಲಿಕೆಯನ್ನು ರಸ್ತೆಯಲ್ಲಿ ಮಾಡಲು ಆಗುವುದೇ ಇಲ್ಲ. ಅದಕ್ಕೆ ಮುಚ್ಚಿದ ಜಾಗ ಬೇಕು, ಆಂಬುಲೆನ್ಸ್ ಬೇಕು, ಬಾವುಟ ಹಿಡಿದವರು ಬೇಕು.

ಅಂಥ ಜಾಗ ನಿನಗೆ ಹತ್ತಿರದಲ್ಲಿ ಇಲ್ಲ ಅನ್ನುವುದು ನನಗೆ ಗೊತ್ತು, ಅದರ ಬಗ್ಗೆ ನನಗೆ ನಿಜವಾಗಿಯೂ ನೋವಿದೆ. ಮಹಾರಾಷ್ಟ್ರದ ಆಂಬಿ ವ್ಯಾಲಿ ರನ್‌ವೇ ಮೇಲೆ ಡ್ರ್ಯಾಗ್ ರೇಸ್, ಅಂದರೆ ನೇರ ದಾರಿಯ ಓಟ, ನಡೆದಿವೆ, ಆದರೆ ಅಲ್ಲೂ ಹತ್ತು ಸೆಕೆಂಡಿನ ಆಟವೇ. ಸುತ್ತು ಹಾಕಬೇಕೆಂದರೆ ಬೆಂಗಳೂರಿನವರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿಗೋ ಹೋಗಬೇಕು. ಕಾರು, ವಿಮಾನ ಎರಡನ್ನೂ ಇಷ್ಟು ಪ್ರೀತಿಸುವ ಊರು ನಮ್ಮದು. ಬಳಕೆ ಕಡಿಮೆ ಇರುವ ಒಂದು ರನ್‌ವೇಯನ್ನು ತಿಂಗಳಿಗೆ ಒಂದು ಭಾನುವಾರ ಕೊಟ್ಟರೆ, ಕೋನ್ ಇಟ್ಟು ದಾರಿ ಮಾಡಿದರೆ, ಎಷ್ಟು ಹುಡುಗರು ಮಧ್ಯರಾತ್ರಿ ಮನೆಯಲ್ಲಿ ಮಲಗಿರುತ್ತಿದ್ದರು ಅಲ್ವಾ?

ನೀನು ಮುಂದಿನ ಬೇಸಿಗೆಗೆ ಇಲ್ಲಿಗೆ ಬರುತ್ತೀಯಲ್ಲ. ಆಗ ಕ್ಲಬ್ಬಿನ ದಿನ ಇದ್ದರೆ ಕರೆದುಕೊಂಡು ಹೋಗುತ್ತೇನೆ. ನಿನ್ನ ತಲೆಯ ಸುತ್ತಳತೆ ಟೇಪಿನಲ್ಲಿ ಅಳೆದು ಕಳಿಸು, ಹೆಲ್ಮೆಟ್ ತೆಗೆದಿಡುತ್ತೇನೆ. ಎಲೀಸ್ ಹುಡುಗಿಗೆ ಈಗಲೇ ಹೇಳಿದ್ದೇನೆ, ಪಕ್ಕದ ಸೀಟು ನಿನಗೆ. ಆರೂ ಸುತ್ತು.