ಮರ ಕಲ್ಲಾಗಲು ಒಂದು ಟೆಂಡರ್ ಸಾಕು

ಮೈಸೂರು ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಚಾಮುಂಡಿ ಬೆಟ್ಟದ ನಂದಿ ಏಕಶಿಲೆ, ನಮ್ಮ ಜಿಲ್ಲೆಯ ಕೃಷ್ಣಶಿಲೆ ಅಯೋಧ್ಯೆಗೆ ಹೋಗಿ ಬಾಲರಾಮನೇ ಆಗಿದೆ. ಆದರೆ ಕಲ್ಲಾದ ಮರ ಮಾತ್ರ ನಮ್ಮಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಇಲ್ಲಿನ ಬಂಡೆಗಳಲ್ಲಿ ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯವು, ಆಗಿನ್ನೂ ಮರ ಅನ್ನೋದೇ ಹುಟ್ಟಿರಲಿಲ್ಲ. ನೋಡಬೇಕು ಅಂದರೆ ತಮಿಳುನಾಡಿನ ತಿರುವಕ್ಕರೈಗೋ, 18 ಮೀಟರ್ ಉದ್ದದ ಕಾಂಡ ಮಲಗಿರುವ ಸಾತನೂರಿಗೋ ಹೋಗಬೇಕಿತ್ತು.

ಈಗ ಆ ಕೊರತೆ ನೀಗಿದೆ. ನಮ್ಮ ಬಡಾವಣೆಯ ಪಾರ್ಕಿಗೆ ಬನ್ನಿ. ವಾಕಿಂಗ್ ಪಾತ್ ಅಗಲ ಮಾಡಲು ಹೊಂಗೆ ಮರಗಳನ್ನು ಕಡಿದರು. ಆಮೇಲೆ ಅದೇ ಜಾಗದಲ್ಲಿ ಮರದ ಬೊಡ್ಡೆಯಂಥ ಸಿಮೆಂಟ್ ಬೆಂಚು, ಮರದ ಬೊಡ್ಡೆಯಂಥ ಕಸದ ಡಬ್ಬ ಕಟ್ಟಿದರು. ಕರಣೆಯಲ್ಲಿ ಗೀಚಿದ ತೊಗಟೆ, ಅಲ್ಲಲ್ಲಿ ಗಂಟು, ಮೇಲೆ ಕಾಫಿ ಬಣ್ಣ. ಕೊಂಬೆ ಕಡಿದ ಗುರುತನ್ನೂ ಬಿಟ್ಟಿಲ್ಲ, ಅದಕ್ಕೆ ಬೇರೆ ಹಳದಿ ಪೇಂಟ್.

ಪ್ರಕೃತಿಯದು ತುಂಬಾ ನಿಧಾನ ಸ್ವಾಮಿ. ಮರ ಬೀಳಬೇಕು, ಕೊಳೆಯುವ ಮೊದಲೇ ಕೆಸರಲ್ಲಿ ಹೂತು ಹೋಗಬೇಕು, ಸಿಲಿಕಾ ಕರಗಿದ ನೀರು ಒಳಗಿಳಿದು ಒಂದೊಂದು ಜೀವಕೋಶದಲ್ಲೂ ಕಲ್ಲು ಕೂರಬೇಕು, ಅಷ್ಟರಲ್ಲಿ ಎಷ್ಟು ಸರ್ಕಾರ ಬದಲಾಗುತ್ತೋ! ನಮ್ಮಲ್ಲಿ ಹಾಗಿಲ್ಲ. ಮಾರ್ಚ್ 31ರೊಳಗೆ ಮರ ಕಲ್ಲಾಗಲೇಬೇಕು, ಇಲ್ಲದಿದ್ದರೆ ಅನುದಾನ ವಾಪಸ್.

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರಿಗೆ ಕಲ್ಲು ಕೆತ್ತುವ ಹುಚ್ಚು. ಎಲ್ಲಿಂದಲೋ ಅಂಗೈಯಗಲದ ಕಲ್ಲಾದ ಮರದ ತುಂಡು ಕೊಂಡು ತಂದಿದ್ದಾರೆ. ಉಳಿ ಇಟ್ಟರೆ ಜಾರುತ್ತದೆ, ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ ಅದರ ಗಡಸು ಹತ್ತಿರ ಹತ್ತಿರ 7. ವಜ್ರದ ಪುಡಿ ಕೂರಿಸಿದ ಬ್ಲೇಡಿನಲ್ಲಿ, ನೀರು ಬಿಟ್ಟುಕೊಂಡೇ ಕೊಯ್ಯಬೇಕು. ಒಣದಾಗಿ ಕೊಯ್ದರೆ ದೂಳು ಶ್ವಾಸಕೋಶ ತಿನ್ನುತ್ತದೆ. ಉಜ್ಜಿ ಉಜ್ಜಿ ಹೊಳಪು ಬಂದ ಮೇಲೆ ಒಳಗಿನ ಉಂಗುರಗಳು ಒಂದೊಂದಾಗಿ ಕಂಡವು.

ಅವರನ್ನು ಪಾರ್ಕಿಗೆ ಕರೆದುಕೊಂಡು ಹೋದೆ. ಬೆಂಚಿನ ಮೂಲೆಯನ್ನು ಬೀಗದ ಕೈಯಲ್ಲಿ ಸುಮ್ನೆ ಕೆರೆದರು, ಬಣ್ಣ ಸಿಮೆಂಟ್ ಸಮೇತ ಉದುರಿತು.

"ಏನ್ರೀ ಇದು, ಬಳಪದ ಕಲ್ಲಿಗಿಂತ ಮೆತ್ತಗಿದೆ?"

"ಸೋಮನಾಥಪುರದಲ್ಲಿರೋದೂ ಬಳಪದ ಕಲ್ಲೇ ಅಲ್ವಾ ಮೇಷ್ಟ್ರೇ?"

"ಅದು ಏಳುನೂರು ವರ್ಷ ದಾಟಿದೆ. ಇದು ಮುಂಗಾರು ದಾಟಿದ್ರೆ ಹೇಳಿ."

ಅನ್ಯಾಯವಾಗಿ ಬೈಯಬಾರದು, ಪಾರ್ಕಿನಲ್ಲಿ ಅಸಲಿ ಕಲ್ಲೂ ಒಂದಿದೆ: ಉದ್ಘಾಟನೆಯ ಫಲಕ. ಕಪ್ಪು ಗ್ರಾನೈಟು, ಬೆಂಚಿಗಿಂತ ಅಗಲ, ಚಿನ್ನದ ಬಣ್ಣದ ಅಕ್ಷರ. ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿ ಯಾರದು, ಗುತ್ತಿಗೆದಾರರು ಯಾರು ಎಲ್ಲವೂ ಇದೆ. ಕಡಿಸಿಕೊಂಡ ಹೊಂಗೆಗಳದ್ದು ಇಲ್ಲ, ಪಾಪ, ಅವು ಪ್ರೋಟೋಕಾಲ್‌ನಲ್ಲಿ ಬರುವುದಿಲ್ಲ. ಇಡೀ ಪಾರ್ಕಿನಲ್ಲಿ ನೆರಳು ಬೀಳುವುದೂ ಈಗ ಇದೊಂದರದ್ದೇ, ಬೆಳಿಗ್ಗೆ ಹೊತ್ತು ಅದರ ಹಿಂದೆ ಒಂದು ನಾಯಿ ಮಲಗುತ್ತದೆ.

ಮರ ವರ್ಷಕ್ಕೊಂದು ಉಂಗುರ ಹಾಕಿಕೊಳ್ಳುತ್ತದೆ. ಸಿಮೆಂಟ್ ಮರಕ್ಕೆ ದಸರೆಗೊಂದು ಕೋಟ್ ಬಣ್ಣ. ಮುಂದೆ ಯಾರಾದರೂ ಇದನ್ನು ಕೊಯ್ದು ಪದರ ಎಣಿಸಿದರೆ ವಯಸ್ಸು ಸಿಗುತ್ತದೆ. ಪಾಸಾದ ಬಿಲ್ಲಿಗೂ ಆ ಲೆಕ್ಕಕ್ಕೂ ತಾಳೆಯಾಗದಿದ್ದರೆ ಬೇಕಿದ್ದರೆ ಭೂಗರ್ಭದವರನ್ನು ಕೇಳಲಿ, ನಮ್ಮನ್ನಲ್ಲ.