ಪೈ ಬೆಲೆ 22/7 ಅಲ್ಲ

‘ಪೈ ಎಂದರೆ 22/7. ಅದು ಭಿನ್ನರಾಶಿ, ಆದ್ದರಿಂದ ಪೈ ಭಾಗಲಬ್ಧ ಸಂಖ್ಯೆ’ ಎಂಬ ಸಂದೇಶ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಭಾಗಲಬ್ಧ ಎಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆ; ಪೈ ಅಂಥದ್ದಲ್ಲ. ಮಕ್ಕಳು ಇದನ್ನೇ ಉರು ಹೊಡೆದರೆ ಮುಂದಿನ ತರಗತಿಯಲ್ಲಿ ತೊಡಕಾಗುತ್ತದೆ ಎಂಬ ಕಳವಳದಿಂದ ಬರೆಯುತ್ತಿದ್ದೇನೆ.

ಕಾಗದದ ಮೇಲೆ 22ನ್ನು 7ರಿಂದ ಭಾಗಿಸಿ ನೋಡಿ. ಮೊದಲು 3 ಬಂದು 1 ಉಳಿಯುತ್ತದೆ. ದಶಮಾಂಶಕ್ಕೆ ಇಳಿದರೆ ಶೇಷಗಳು 3, 2, 6, 4, 5 ಎಂದು ಸಾಗಿ ಮತ್ತೆ 1ಕ್ಕೇ ಬಂದು ನಿಲ್ಲುತ್ತವೆ. ಅಲ್ಲಿಂದ 142857 ಎಂಬ ಅಂಕಿಗಳು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತವೆ. ಪೈ ಬೆಲೆಯಾದರೋ 3.14159265... ಎಂದು ಸಾಗುತ್ತದೆ, ಅದರಲ್ಲಿ ಇಂಥ ಆವರ್ತನೆಯೇ ಇಲ್ಲ. ಮೂರನೆಯ ದಶಮಾಂಶ ಸ್ಥಾನದಲ್ಲೇ ಎರಡೂ ಬೇರೆಯಾಗುತ್ತವೆ. 7 ಮೀಟರ್ ವ್ಯಾಸದ ದುಂಡುಕಟ್ಟೆಯ ಪರಿಧಿಯನ್ನು 22/7 ಬಳಸಿ ಲೆಕ್ಕ ಹಾಕಿದರೆ ಸುಮಾರು 9 ಮಿಲಿಮೀಟರ್ ಹೆಚ್ಚು ಬರುತ್ತದೆ.

ಪೈ 22/7ಕ್ಕಿಂತ ಕಡಿಮೆ ಎಂದು ಆರ್ಕಿಮಿಡೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದ್ದ. 3.1416 ಎಂಬ ಬೆಲೆ ಕೊಟ್ಟ ಆರ್ಯಭಟ ಅದನ್ನು ‘ಆಸನ್ನ’, ಅಂದರೆ ಸಮೀಪದ್ದು, ಎಂದೇ ಕರೆದ. ಎಂಥ ಎಚ್ಚರದ ಮಾತು! ಪೈ ಅಭಾಗಲಬ್ಧ ಎಂಬುದನ್ನು 1761ರಲ್ಲಿ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿದ.

‘ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಪೈ ತಾನೇ?’ ಎಂದು ಕೆಲವರು ಕೇಳುತ್ತಾರೆ. ಹೌದು. ಆದರೆ ಆ ಎರಡೂ ಒಟ್ಟಿಗೆ ಪೂರ್ಣಾಂಕಗಳಾಗುವ ವೃತ್ತವೇ ಇಲ್ಲ.

ಪಠ್ಯಪುಸ್ತಕದ ಲೆಕ್ಕಗಳಲ್ಲಿ ತ್ರಿಜ್ಯ 7, 14, 21 ಎಂದಿರುವುದು 7 ಸುಲಭವಾಗಿ ಹೊಡೆದುಹೋಗಲಿ ಎಂದು. ಅಲ್ಲಿ 22/7 ಬಳಸಲು ಅಡ್ಡಿಯಿಲ್ಲ. ‘ಪೈ ಬೆಲೆ 22/7 ಎಂದು ತೆಗೆದುಕೊಳ್ಳಿ’ ಎಂದು ಪ್ರಶ್ನೆಯೇ ಹೇಳಿರುತ್ತದೆ.