ರಾಹುಕಾಲದಲ್ಲಿ ರಾಜನಿಷ್ಠೆ

ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ನಿವಾಸಿ ಆದವರೆಲ್ಲ ದಿನ ಎಣಿಸುವವರೇ. ಪೌರತ್ವಕ್ಕೆ ಅರ್ಜಿ ಹಾಕಬೇಕಾದರೆ ಹಿಂದಿನ 5 ವರ್ಷದಲ್ಲಿ 1095 ದಿನ ಇಲ್ಲೇ ಇದ್ದಿರಬೇಕು. ಊರಲ್ಲಿ ಮದುವೆ ಅಂತ ಫೋನ್ ಬಂದರೆ, ಹುಡುಗಿ ಯಾವ ಕಡೆಯವಳು ಅಂತ ಕೇಳುವ ಮೊದಲೇ ಎಷ್ಟು ದಿನ ಕಳೆದುಹೋಗುತ್ತೆ ಅನ್ನುವ ಲೆಕ್ಕ ಶುರು. ಪರೀಕ್ಷೆ ಅಂಥ ಕಷ್ಟವೇನಲ್ಲ. 20 ಪ್ರಶ್ನೆ, 15 ಸರಿಯಾದರೆ ಪಾಸು. ಒಕ್ಕೂಟ ಆದದ್ದು 1867ರಲ್ಲಿ, ಮೊದಲ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಅಂತ ಒಗ್ಗರಣೆ ಹಾಕುತ್ತಲೇ ಗಂಡ ಹೆಂಡತಿ ಉರುಹೊಡೆದು ದಾಟಿದೆವು.

ಪೇಚಾಟ ಇದ್ದದ್ದು ಪ್ರಮಾಣವಚನದಲ್ಲಿ. ಜೂಮ್‌ನಲ್ಲಿ ಸಮಾರಂಭ, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ.

"ಸರಿಯಾಗಿ ರಾಹುಕಾಲಕ್ಕೆ ಇಟ್ಟಿದ್ದಾರಲ್ಲೋ!" ಅಂದರು ಅಮ್ಮ. ಅಪ್ಪ ಅಮ್ಮಂದಿರು ಬಂದು ಬಹಳ ದಿನ ಇರೋಕೆ ಕೊಡುವ ಸೂಪರ್ ವೀಸಾ ಮೇಲೆ ಮೈಸೂರಿಂದ ಬಂದಿದ್ದರು, ಪಂಚಾಂಗದ ಸಮೇತ. ಇಲ್ಲಿ ಸೂರ್ಯ ಹುಟ್ಟೋ ಹೊತ್ತೇ ಬೇರೆ, ರಾಹುವೂ ಆಚೀಚೆ ಆಗ್ತಾನೆ ಅಂತ ಸಮಾಧಾನ ಹೇಳಿ ಕೂತೆವು.

ಅಧಿಕಾರಿಣಿ ಒಬ್ಬೊಬ್ಬರನ್ನೇ ಕರೆದು, "ಕ್ಯಾಮೆರಾ ಎದುರು ಪಿಆರ್ ಕಾರ್ಡ್ ಕತ್ತರಿಸಿ ತೋರಿಸಿ" ಅಂದರು. ಒಂಟೇರಿಯೊದಲ್ಲಿ ನಂದಿನಿಯ ಹಾಗೆ ಹಾಲು ಪ್ಲಾಸ್ಟಿಕ್ ಚೀಲದಲ್ಲೇ ಬರುತ್ತೆ. ಅದರ ಮೂಲೆ ಕತ್ತರಿಸೋ ಕತ್ತರಿ ಬಿಟ್ಟರೆ ಮನೆಯಲ್ಲಿ ಬೇರೆ ಕತ್ತರಿ ಇಲ್ಲ. ಕಾರ್ಡು ಬಗ್ಗಿತು, ಜಾರಿತು, ತುಂಡಾಗಲಿಲ್ಲ. ಪರದೆಯಲ್ಲಿ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದಾರೆ.

ಹಿಂದಿನಿಂದ ಅಮ್ಮ: "ಇಷ್ಟು ದಿನ ದೇವರ ಪಟದ ಹಿಂದೆ ಇಟ್ಟಿದ್ದ ಕಾರ್ಡು ಕಣೋ. ಶುಕ್ರವಾರ ಉಗುರೇ ಕತ್ತರಿಸಬಾರದು!"

ಕೊನೆಗೆ ನನ್ನವಳು ಕಸಿದುಕೊಂಡು ಒಂದೇ ಏಟಿಗೆ ಎರಡು ಮಾಡಿದಳು. ಅಧಿಕಾರಿಣಿ ಹೆಬ್ಬೆರಳೆತ್ತಿದರು.

ಆಮೇಲೆ ಬಲಗೈ ಎತ್ತಿ ಪ್ರಮಾಣ. ಬ್ರಿಟನ್ನಿನ ರಾಜರೇ ಕೆನಡಾಕ್ಕೂ ರಾಜರು; ಆ ಮೂರನೇ ಚಾರ್ಲ್ಸ್ ರಾಜರಿಗೂ ಅವರ ವಾರಸುದಾರರಿಗೂ ನಿಷ್ಠನಾಗಿರುತ್ತೇನೆ ಅಂತ. ಇಂಗ್ಲಿಷಿನಲ್ಲಿ ಆಯಿತು. ಅದನ್ನೇ ಫ್ರೆಂಚಿನಲ್ಲಿ ಹೇಳಿಸಿದಾಗ, ನಾಡಗೀತೆಯ ಎರಡನೇ ಚರಣ ಬರದ ಹುಡುಗನ ಹಾಗೆ ತುಟಿ ಅಲ್ಲಾಡಿಸಿದೆ. "ಶಾರ್ಲ್ ತ್ರುವಾ" ಅನ್ನೋದು ಮಾತ್ರ ಜೋರಾಗಿ ಹೇಳಿದೆ, ರಾಜರಿಗಾದರೂ ಕೇಳಲಿ ಅಂತ.

"ನಮ್ಮ ಜಯಚಾಮರಾಜ ಒಡೆಯರೇ ರಾಜ್ಯ ಬಿಟ್ಟುಕೊಟ್ಟರು. ನೀನು ನೋಡಿದರೆ ಸಮುದ್ರ ದಾಟಿ ಬಂದು ಇನ್ನೊಬ್ಬ ರಾಜನ್ನ ಹಿಡಿದಿದ್ದೀಯ" ಅಂದರು ಅಮ್ಮ. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಪ್ರಜೆಯಾದ ಮರುಗಳಿಗೆಯಿಂದ ನಿಜವಾದ ಕಷ್ಟ. ಭಾರತಕ್ಕೆ ಎರಡು ಪೌರತ್ವ ಒಪ್ಪಿಗೆಯಿಲ್ಲ, ಆ ಪಾಸ್‌ಪೋರ್ಟ್ ಒಪ್ಪಿಸಬೇಕು. ಕೆನಡಾದ್ದು ಇನ್ನೂ ಬಂದಿಲ್ಲ. ಪಿಆರ್ ಕಾರ್ಡು ಎರಡು ತುಂಡು. ಆಮೇಲೆ ನಮ್ಮೂರಿಗೇ ಹೋಗೋಕೆ ಓಸಿಐ, ಅಂದರೆ ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಕಾರ್ಡು. ಜಯನಗರದಲ್ಲಿ ಸೈಟು ಕೊಳ್ಳಬಹುದಂತೆ, ದುಡ್ಡಿದ್ದರೆ. ಊರಲ್ಲಿ ಅರ್ಧ ಎಕರೆ ಗದ್ದೆ ಕೊಳ್ಳೋ ಹಾಗಿಲ್ಲ. ದುಡ್ಡು ಎರಡಕ್ಕೂ ಇಲ್ಲ, ಆ ಮಾತು ಬೇರೆ.

ಫೋಟೋ ಅಂಗಡಿಯ ಸರ್ದಾರ್‌ಜಿ ನಮ್ಮಂಥವರನ್ನು ದಿನಾ ನೋಡುವವರು. "ಇಂಡಿಯಾದ್ದು ಚೌಕ, ಕೆನಡಾದ್ದು ಉದ್ದ. ಎರಡಕ್ಕೂ ನಗಬಾರದು" ಅಂದರು.

ಅಮ್ಮ ಫೋಟೋಗಳನ್ನು ಕೈಯಲ್ಲಿ ಹಿಡಿದು ನೋಡಿದರು. "ಇದೇನೋ, ಸೂತಕದ ಮನೆಯವನ ಥರ ಇದ್ದೀಯಲ್ಲ! ರಾಜನ ಕಡೆಯವನಾದೆ, ಒಂಚೂರು ಹಲ್ಲು ಕಿರಿದರೆ ಅವನೇನು ಬೇಡ ಅಂತಿದ್ನಾ?"